ಸೂರಗೊಂಡನಕೊಪ್ಪದಲ್ಲಿ ಗಣಿತದ ಹಾರ

ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿ ಸೂರಗೊಂಡನಕೊಪ್ಪವೆಂಬ ಗ್ರಾಮವಿರುವುದು. ಕೆಲವು ವರ್ಷಗಳ ಹಿಂದಿನವರೆಗೆ ಈ ಪ್ರದೇಶವು ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದಿತು. ಲಂಬಾಣಿ ಜನರು ಇದನ್ನು ಭಾಯಗಡವೆಂದು ಕರೆಯುವರು. ಅವರ ಕುಲಗುರುಗಳಾದ ಸಂತ ಸೇವಾಲಾಲರು 1739ನೆಯ ಇಸವಿ ಫೆಬ್ರವರಿ 15ರಂದು ಇಲ್ಲಿಯೇ ಜನಿಸಿದರೆಂದು ಸಂಪ್ರದಾಯವು ಹೇಳುತ್ತದೆ. ಪ್ರತಿವರ್ಷವೂ ಆ ತಿಂಗಳ ನಡುವಿನಲ್ಲಿ ಜಯಂತ್ಯುತ್ಸವವು ನಡೆಯುವುದು. ಮಾಲೆ ಧರಿಸಿದ ಭಕ್ತರು ದೂರದೂರದಿಂದ ಬರುವರು. ಅವರಲ್ಲಿ ಕಾಲ್ನಡಿಗೆಯವರೂ ಅನೇಕರು. ನಾನು ಅಲ್ಲಿಗೆ ಹೋದುದು ದೇವರ ದರ್ಶನಕ್ಕೆ. ಆದರೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪಾಠ ಹೇಳಿದವನ ಕಣ್ಣು ಎಲ್ಲಿ ಹೋದರೂ ಮಕ್ಕಳ ಕಡೆಗೇ ಹೊರಳುವುದಷ್ಟೆ.

ಲಂಬಾಣಿಗಳು ಪೂರ್ವದಲ್ಲಿ ಸಾರ್ಥವಾಹರು. ಎತ್ತುಗಳ ಬೆನ್ನಮೇಲೆ ಧಾನ್ಯ, ಉಪ್ಪುಗಳನ್ನು ಹೇರಿಕೊಂಡು ದೇಶದಿಂದ ದೇಶಕ್ಕೆ ಸಾಗಿಸುತ್ತಿದ್ದರು. ಅರಸರ ದಂಡುಗಳಿಗೂ ಇವರೇ ದವಸ ಒದಗಿಸುತ್ತಿದ್ದರು. ರೈಲು ಬಂದ ಮೇಲೆ ಈ ವೃತ್ತಿಯು ಕ್ಷೀಣಿಸಿತು. ಸಾವಿರಾರು ಎತ್ತುಗಳ ಹೇರು, ದಾರಿಯ ಸುಂಕ, ಕೊಂಡ ಬೆಲೆ, ಮಾರಿದ ಬೆಲೆ ಇವೆಲ್ಲವನ್ನೂ ಕಾಗದವಿಲ್ಲದೆ ಮನಸ್ಸಿನಲ್ಲಿಯೇ ಇಟ್ಟುಕೊಂಡವರ ಸಂತತಿಗೆ ಗಣಿತವು ಹತ್ತದೆಂದರೆ ನಂಬುವುದು ಹೇಗೆ? ಆದರೂ ತಾಂಡಾದ ಮಕ್ಕಳಿಗೆ ಲೆಕ್ಕ ಬಾರದೆಂಬ ಮಾತನ್ನು ನಾನು ಅನೇಕ ಬಾರಿ ಕೇಳಿರುವೆನು.

ಇದಕ್ಕೆ ಕಾರಣವು ಬುದ್ಧಿಯಲ್ಲಿಲ್ಲ. ಮಗುವು ತಾಯಿಯಿಂದ ಕಲಿತುಬರುವುದು ಏಕ್, ತೀನ್, ಚಾರ್, ಸಾತ್ ಎಂಬ ಎಣಿಕೆ. ಶಾಲೆಯಲ್ಲಿ ಎದುರಾಗುವುದು ಒಂದು, ಮೂರು, ನಾಲ್ಕು, ಏಳು. ಸಂಸ್ಕೃತ ಬಲ್ಲವರಿಗೆ ಏಕ, ತ್ರೀಣಿ, ಚತ್ವಾರಿ, ಸಪ್ತ ಎಂಬ ಮೂಲಗಳು ಆ ತಾಂಡಾದ ಎಣಿಕೆಯಲ್ಲಿ ಕೂಡಲೆ ಕಾಣುವುವು. ಹೀಗಿರುವಾಗ ಮೊದಲ ದಿನವೇ ಆ ಮಗುವನ್ನು ಮಂದಮತಿಯೆನ್ನುವುದು ಎಂತಹ ನ್ಯಾಯ! ಇದರ ಮೇಲೆ, ಅನೇಕ ತಾಂಡಾಗಳಿಂದ ಸಂಸಾರಗಳು ಕಬ್ಬು ಕಡಿಯುವುದಕ್ಕೂ ಕಾಫಿ ತೋಟಗಳ ಕೂಲಿಗೂ ವಲಸೆ ಹೋಗುವುವು. ಭಾಗಾಕಾರದ ಪಾಠ ನಡೆಯುವ ತಿಂಗಳಿನಲ್ಲಿ ಮಗುವು ಕಬ್ಬಿನ ಗದ್ದೆಯ ಬದುವಿನಲ್ಲಿರುವುದು. ಮರಳಿ ಬಂದಾಗ ಪಾಠವು ಭಿನ್ನರಾಶಿಗೆ ಹೋಗಿರುತ್ತದೆ. ಲೆಕ್ಕದ ಭಯವೇ ಮುಂದೆ ಶಾಲೆಯ ಭಯವಾಗುವುದು.

ಉತ್ಸವದ ಜಂಗುಳಿಯಿಂದ ಸ್ವಲ್ಪ ದೂರದಲ್ಲಿ ಒಬ್ಬ ವೃದ್ಧೆಯು ಮೊಮ್ಮಕ್ಕಳೊಡನೆ ಕುಳಿತಿದ್ದಳು. ಕನ್ನಡಿಯ ಚೂರುಗಳನ್ನು ಹೊಲಿದ ಕುಪ್ಪಸ, ಕೊರಳಲ್ಲಿ ನಾಣ್ಯಗಳನ್ನು ಪೋಣಿಸಿದ ಸರ. ಆ ಸರವನ್ನು ಕಂಡೊಡನೆ ನನಗೆ ಮಹಾವೀರಾಚಾರ್ಯನ ನೆನಪಾಯಿತು.

ಕ್ರಿ. ಶ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಈ ಜೈನ ಪಂಡಿತನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಗಣಿತವು ಎಲ್ಲೆಲ್ಲಿ ಬೇಕಾಗುವುದೆಂಬುದನ್ನು ಹೇಳುವಾಗ ಸಂಗೀತ, ನಾಟಕ, ವೈದ್ಯ, ವಾಸ್ತುಗಳ ಜತೆಗೆ ಪಾಕಶಾಸ್ತ್ರವನ್ನೂ ಆತನು ಮರೆಯಲಿಲ್ಲವೆಂಬುದು ನಮ್ಮ ಗೃಹಿಣಿಯರಿಗೆ ಸಂತೋಷದ ವಿಷಯ. ಗುಣಾಕಾರವನ್ನು ಕಲಿಸುವಾಗ ಆತನು ಶಿಷ್ಯನ ಕೈಗೆ ಹಾರಗಳನ್ನು ಕೊಡುವನು. ಗುಣಿಸಿ ಬಂದ ಸಂಖ್ಯೆಯು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿದ್ದು, ಕೊರಳ ಸರದಂತೆ ತೋರಬೇಕು. 139ನ್ನು 109ರಿಂದ ಗುಣಿಸಿದರೆ 15151. 27994681ನ್ನು 441ರಿಂದ ಗುಣಿಸಿದರೆ 12345654321. ನಡುವೆ ದೊಡ್ಡ ಮಣಿ, ಎರಡು ಕಡೆಗೂ ಕ್ರಮವಾಗಿ ಕಿರಿದಾಗುವ ಮಣಿಗಳು! ಇನ್ನೊಂದು ಹಾರವು ಅರಸನ ಕೊರಳಿಗೆ ತಕ್ಕುದು.

ಅದನ್ನೇ ನಾನು ಅಲ್ಲಿ ಮಣ್ಣಿನ ಮೇಲೆ ಕಡ್ಡಿಯಿಂದ ಬರೆದೆನು: 142857143, ಇದನ್ನು 7ರಿಂದ ಗುಣಿಸಬೇಕು. ನಾಲ್ಕೈದು ಮಕ್ಕಳು ಸೇರಿದರು. ಏಳು ಮೂರಲ ಇಪ್ಪತ್ತೊಂದು. ಒಂದನ್ನು ಬರೆದು ಎರಡನ್ನು ಉಳಿಸಿಕೊಂಡರು. ಏಳು ನಾಲ್ಕಲ ಇಪ್ಪತ್ತೆಂಟು, ಎರಡು ಸೇರಿ ಮೂವತ್ತು, ಸೊನ್ನೆ. ಮುಂದೆಯೂ ಸೊನ್ನೆ. ಅದರ ಮುಂದೆಯೂ ಸೊನ್ನೆ. ಮೂರನೆಯ ಸೊನ್ನೆಗೆ ಒಬ್ಬಳು ಹುಡುಗಿ ನಕ್ಕಳು. ಆರನೆಯದಕ್ಕೆ ಎಲ್ಲರೂ ಕೂಗಿದರು. ಕಡೆಗೆ ಎರಡು ಒಂದುಗಳ ನಡುವೆ ಎಂಟು ಸೊನ್ನೆಗಳು ನಿಂತುವು. ಹುಡುಗಿಯು ಅಜ್ಜಿಯ ಸರವನ್ನು ಕೈಯಿಂದ ಎತ್ತಿ ನೋಡಿ, ಇನ್ನೊಂದು ಇಂತಹ ಲೆಕ್ಕವಿದೆಯೆ ಎಂದು ಕೇಳಿದಳು. ಇನ್ನೊಂದು ಲೆಕ್ಕವನ್ನು ತಾನಾಗಿ ಬೇಡಿದ ಮಗುವಿಗಿಂತ ಉಪಾಧ್ಯಾಯನಿಗೆ ಬೇರೆ ಬಿರುದು ಬೇಕೆ? ಮಗ್ಗಿಯ ಬಾಯಿಪಾಠವೇ ಕೂಡದೆನ್ನುವ ಪಕ್ಷದವನು ನಾನಲ್ಲ. ಏಳರ ಮಗ್ಗಿ ಬಾರದಿದ್ದರೆ ಈ ಹಾರವು ಪೋಣಿತವಾಗುತ್ತಿರಲಿಲ್ಲ. ಆದರೆ ಮಣಿಗಳನ್ನು ಎಣಿಸಲು ಕಲಿಸಿ, ಹಾರವನ್ನು ಎಂದಿಗೂ ತೋರಿಸದಿರುವುದು ಲೋಭವೇ ಸರಿ.

ಮಹಾವೀರನ ತರುವಾಯ, 12ನೆಯ ಶತಮಾನದಲ್ಲಿ, ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದವುಗಳನ್ನು ಕನ್ನಡದಲ್ಲಿಯೇ ಬರೆದನು; ಸಂಸ್ಕೃತವರಿಯದವರಿಗೂ ಲೆಕ್ಕವು ತಮ್ಮ ಮಾತಿನಲ್ಲಿ ದೊರೆಯಿತು. ಭಾಸ್ಕರಾಚಾರ್ಯನ ‘ಲೀಲಾವತಿ’ಯು (1150) ಬಾಲೆಯೊಬ್ಬಳನ್ನು ಪ್ರೀತಿಯಿಂದ ಸಂಬೋಧಿಸಿ ಪ್ರಶ್ನೆ ಕೇಳುವುದೆಂಬುದನ್ನು ಎಲ್ಲರೂ ಬಲ್ಲರು. ಮಹಾವೀರನ ಗ್ರಂಥವನ್ನು 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ಪ್ರೊಫೆಸರ್ ಪದ್ಮಾವತಮ್ಮನವರ ಕನ್ನಡ ಅನುವಾದವು 2000ದಲ್ಲಿ ನೆರೆಯ ಶಿವಮೊಗ್ಗ ಜಿಲ್ಲೆಯ ಹೊಂಬುಜ ಜೈನಮಠದಿಂದ ಹೊರಬಂದಿತು. ‘ಗಣಿತ ಕಲಿಕಾ ಆಂದೋಲನ’ದ ಮೂಲಕ ಸರಕಾರಿ ಪ್ರಾಥಮಿಕ ಶಾಲೆಗಳಿಗೆ ಮಣಿಚೌಕಟ್ಟು ಮೊದಲಾದ ಸಾಮಗ್ರಿಯ ಪೆಟ್ಟಿಗೆಗಳೂ ಬಂದಿವೆ. ಸಾಧನಗಳಿಗೆ ಕೊರತೆಯಿಲ್ಲ. ಪೆಟ್ಟಿಗೆಯ ಬೀಗವನ್ನು ತೆಗೆದು ಮಕ್ಕಳ ಮುಂದೆ ಸುರಿಯುವ ಕೈ ಬೇಕು. ಮಗುವು ‘ಸಾತ್’ ಎಂದಾಗ ಗದರದೆ ‘ಏಳು’ ಎಂದು ಕೈಹಿಡಿದು ನಡೆಸುವ ಸೌಜನ್ಯವೂ ಬೇಕು.

ಆ ಮಕ್ಕಳಿಗೆ ನಾನು ಕೊಟ್ಟ ಎರಡನೆಯ ಲೆಕ್ಕವಿದು. ಮನೆಯ ಚಿಕ್ಕವರ ಮುಂದೆ ಓದಿರಿ. ಒಬ್ಬ ನಾಯಕನ ತಾಂಡಾದ ಎತ್ತುಗಳಲ್ಲಿ ಅರ್ಧವು ಹಳ್ಳಕ್ಕೆ ನೀರು ಕುಡಿಯಲು ಹೋದುವು. ಮೂರನೆಯ ಒಂದು ಪಾಲು ಹುಣಿಸೆಯ ಮರದಡಿ ಮಲಗಿದುವು. ಉಳಿದ ಹನ್ನೆರಡು ಎತ್ತುಗಳು ಹೇರನ್ನು ಇಳಿಸಿಲ್ಲವೆಂದು ನಾಯಕನ ಮುಖವನ್ನೇ ನೋಡುತ್ತ ನಿಂತಿದ್ದುವು. ಎತ್ತುಗಳೆಷ್ಟು?