ಮಾವಿನ ಮನೆಯ ಬೀಗದ ಕೈ

ವರ್ಷದಲ್ಲಿ ಹತ್ತು ತಿಂಗಳು ಮುಚ್ಚಿದ್ದು ಎರಡು ತಿಂಗಳು ಮಾತ್ರ ತೆರೆಯುವ ಮನೆಗಳು ಕೋಲಾರದ ಸೀಮೆಯಲ್ಲಿ ಅನೇಕವಾಗಿವೆ. ಯಜಮಾನರು ಬೆಂಗಳೂರಿನಲ್ಲಿ ಉದ್ಯೋಗಸ್ಥರು. ಮಕ್ಕಳು ಇನ್ನೂ ದೂರದವರು. ಬೇಸಗೆಯ ರಜ ಬಂದು ಮಾವು ಬಲಿಯಿತೆಂದರೆ ಎಲ್ಲರೂ ಹಿರಿಯರ ಊರಿಗೆ ಬಂದು ಸೇರುವರು. ಆಷಾಢದ ಗಾಳಿ ಏಳುವ ವೇಳೆಗೆ ಮತ್ತೆ ಬೀಗ ಬೀಳುವುದು. ಶ್ರೀನಿವಾಸಪುರದಿಂದ ಎರಡು ಹರದಾರಿ ದೂರದಲ್ಲಿರುವ ನಮ್ಮ ಅತ್ತೆಯವರ ಮನೆಯೂ ಇಂಥದೇ ಒಂದು. ಮಕ್ಕಳು ಅದಕ್ಕೆ ಮಾವಿನ ಮನೆ ಎಂದು ಹೆಸರಿಟ್ಟಿದ್ದಾರೆ. ಅದನ್ನು ಕಾಯುವ ವಿಷಯದಲ್ಲಿ ನಾವು ಮಾಡಿದ ಒಂದು ತಪ್ಪನ್ನೂ ಅದನ್ನು ತಿದ್ದಿಕೊಂಡ ಬಗೆಯನ್ನೂ ವಾಚಕ ಸೋದರಿಯರ ಮುಂದಿಡಬೇಕೆಂದು ಬಹಳ ದಿನಗಳಿಂದ ಎಣಿಸಿದ್ದೆನು.

ಬೆಂಗಳೂರಿನಿಂದ ಹೊರಟ ಬಸ್ಸು ಹೊಸಕೋಟೆಯನ್ನು ದಾಟಿ ಮುಂದೆ ಬಂದಿತೆಂದರೆ ಬಂಡೆಯ ಬೆಟ್ಟಗಳೂ ಕೆರೆಯ ಏರಿಗಳೂ ಕಾಣತೊಡಗುವುವು. ಈ ಸೀಮೆಯಲ್ಲಿ ವರ್ಷವೆಲ್ಲ ಹರಿಯುವ ಹೊಳೆಯಿಲ್ಲ. ಕೆರೆಯೇ ಇದರ ಜೀವ. ನಾನು ಮದುವೆಯಾಗಿ ಬಂದ ಕಾಲದಲ್ಲಿ ಬೇಸಗೆಯ ಕೆರೆಯಂಗಳಗಳಲ್ಲಿ ಜಾಲಿಯ ಗಿಡಗಳಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ೨೦೧೮ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳೆನೀರನ್ನು ಶುದ್ಧಿಮಾಡಿ ಕೋಲಾರದ ಕೆರೆಗಳಿಗೆ ಹರಿಸತೊಡಗಿದ ಮೇಲೆ, ವೈಶಾಖದಲ್ಲಿಯೂ ಕೆಲವು ಕೆರೆಗಳು ಮಿನುಗುವುದುಂಟು. ನಗರದ ಬಚ್ಚಲ ನೀರೆಂದು ಮೂಗು ಮುರಿಯುವವರೂ ಇದ್ದಾರೆ. ಆ ಚರ್ಚೆ ಇಲ್ಲಿ ಬೇಡ.

ಕೋಲಾರದಲ್ಲಿ ಇಳಿದು ಕೋಲಾರಮ್ಮನ ದರ್ಶನ ಮಾಡಿಯೇ ಮುಂದಕ್ಕೆ ಹೋಗುವುದು ಅತ್ತೆಯವರ ಕಾಲದಿಂದ ನಡೆದು ಬಂದ ಪದ್ಧತಿ. ಚೋಳ ರಾಜೇಂದ್ರನ ಶಾಸನಗಳಿರುವ ಪುರಾತನ ಗುಡಿಯದು. ಅಲ್ಲಿಯೇ ಚೇಳಮ್ಮನ ಸನ್ನಿಧಿಯೂ ಇದೆ. ಆಕೆಗೆ ನಡೆದುಕೊಂಡವರಿಗೆ ಚೇಳಿನ ಭಯವಿಲ್ಲವೆಂದು ಜನರ ನಂಬಿಕೆ. ಹತ್ತು ತಿಂಗಳು ಮುಚ್ಚಿದ್ದ ಕದವನ್ನು ಸಂಜೆಯ ಮಬ್ಬಿನಲ್ಲಿ ತೆರೆದು ಒಳಗೆ ಕಾಲಿಡತಕ್ಕವರು ಈ ದೇವಿಯನ್ನು ಮರೆಯಲಾರರು. ಆ ಗುಡಿಯಲ್ಲಿ ನೆಲದೊಳಕ್ಕೆ ಕೊರೆದಿರುವ ಒಂದು ಹುಂಡಿಯುಂಟು. ಸಾವಿರ ವರ್ಷಗಳಿಂದ ಭಕ್ತರು ಕಾಣಿಕೆ ಹಾಕುತ್ತಲೇ ಬಂದಿದ್ದಾರೆ, ಒಮ್ಮೆಯೂ ಅದನ್ನು ತೆರೆದದ್ದಿಲ್ಲ ಎಂದು ಊರಿನವರು ಹೇಳುವರು. ಅತ್ತೆಯವರು ಅದರಲ್ಲಿ ಒಂದು ನಾಣ್ಯವನ್ನು ಹಾಕಿ, “ನಮ್ಮ ಮನೆಯನ್ನೂ ಹೀಗೆಯೇ ಕಾಯಮ್ಮ” ಎನ್ನುತ್ತಿದ್ದರು.

ಮನೆ ದೊಡ್ಡದೇನೂ ಅಲ್ಲ. ಮುಂದೆ ಜಗಲಿ, ಪಡಸಾಲೆ, ಒಳಗೆ ನಡುಮನೆ, ದೇವರ ಮನೆ, ಅಡಿಗೆಯ ಮನೆ, ಉಗ್ರಾಣ, ಹಿಂದೆ ಬಾವಿ, ಹುಣಿಸೆಯ ಮರ, ಅದರಾಚೆ ತೋಟ. ಮೊದಲು ಸಿಂಧೂರದ ಹಣ್ಣು, ಅನಂತರ ಬಾದಾಮಿ, ರಸಪುರಿ. ಕಟ್ಟಕಡೆಗೆ ತೋತಾಪುರಿ, ನೀಲಂ. ಫಸಲನ್ನು ಗುತ್ತಿಗೆ ಹಿಡಿದವನು ತೋಟದಲ್ಲಿ ಗುಡಿಸಲು ಹಾಕಿ ಕಾವಲಿರಿಸುವನು. ಹಣ್ಣು ಮುಗಿಯುತ್ತಲೇ ಕಾವಲುಗಾರನೂ ಹೊರಡುವನು, ನಾವೂ ಹೊರಡುವೆವು. ನಿಜವಾಗಿ ಕಾವಲು ಬೇಕಾದ ಕಾಲದಲ್ಲಿ ಅಲ್ಲಿ ಯಾರೂ ಇರುವುದಿಲ್ಲ.

ಅತ್ತೆಯವರು ಇದಕ್ಕೆ ಮಾಡಿದ್ದ ಏರ್ಪಾಡು ಸರಳವಾದದ್ದು. ಎದುರುಮನೆಯ ಮುದುಕಿಯನ್ನು ನಾವೆಲ್ಲರೂ ಅವ್ವ ಎಂದು ಕರೆಯುತ್ತಿದ್ದೆವು. ಬೀಗದ ಕೈ ಆಕೆಯ ಸೆರಗಿನ ತುದಿಯಲ್ಲಿರುತ್ತಿದ್ದಿತು. ದಿನವೂ ಮುಂಬಾಗಿಲಿಗೆ ನೀರು ಹಾಕಿ ರಂಗೋಲಿಯಿಡುವುದು, ವಾರಕ್ಕೊಮ್ಮೆ ಒಳಗೆಲ್ಲ ಕಸ ಗುಡಿಸಿ ಕಿಟಕಿಗಳನ್ನು ತೆರೆದಿಡುವುದು, ಶುಕ್ರವಾರ ದೀಪ ಹಚ್ಚುವುದು ಆಕೆಯ ಕೆಲಸ. ಇದಕ್ಕೆ ಪ್ರತಿಯಾಗಿ ಹಿತ್ತಲಲ್ಲಿ ಆಕೆಯ ಹಸುವನ್ನು ಕಟ್ಟಬಹುದು, ಹುಣಿಸೆಯ ಹಣ್ಣು ಆಕೆಯದು, ವರ್ಷಕ್ಕೊಂದು ಸೀರೆ. ಕಾಗದವಿಲ್ಲ, ಪತ್ರವಿಲ್ಲ.

೨೦೧೨ರಲ್ಲಿ ಅತ್ತೆಯವರು ತೀರಿಕೊಂಡರು. ಮರುವರ್ಷ ಮನೆ ಮುಚ್ಚುವಾಗ ನಾವು ಓದಿದವರ ಬುದ್ಧಿಯನ್ನು ತೋರಿಸಿದೆವು. ಮುಂಬಾಗಿಲಿಗೆ ಕಬ್ಬಿಣದ ಕಟಕಟೆ, ಅಂಗೈಯಗಲದ ಹೊಸ ಬೀಗ. ಹಿತ್ತಲ ಗೋಡೆಗೂ ಒಂದು ಬಾಗಿಲು, ಅದಕ್ಕೂ ಬೀಗ. “ಇನ್ನು ನಿನಗೆ ತೊಂದರೆಯಿಲ್ಲ ಅವ್ವ, ಬೀಗದ ಕೈ ನಾವೇ ಇಟ್ಟುಕೊಳ್ಳುತ್ತೇವೆ” ಎಂದು ನಮ್ಮವರು ಹೇಳಿದರು. ಆಕೆ ಸೆರಗಿನ ಗಂಟನ್ನು ಬಿಚ್ಚಿ ಹಳೆಯ ಬೀಗದ ಕೈಯನ್ನು ಜಗಲಿಯ ಮೇಲಿಟ್ಟಳು, ಏನೂ ಹೇಳಲಿಲ್ಲ. ಹಸುವನ್ನು ಬಿಚ್ಚಿಕೊಂಡು ಹೋದಳು. ಅದರಲ್ಲಿ ಒಂದು ಅವಮಾನವಿದ್ದೀತೆಂದು ನನಗೆ ಆಗ ತೋರಲೇ ಇಲ್ಲ.

೨೦೧೪ರ ಮೇ ತಿಂಗಳಲ್ಲಿ ಹೋಗಿ ನೋಡಿದರೆ ಬೀಗ ಬೀಗದಂತೆಯೇ ಇದ್ದಿತು. ಕದ ತೆರೆದರೆ ಉಗ್ರಾಣದ ಮೇಲೆ ಆಕಾಶ ಕಾಣಿಸಿತು. ಕಳ್ಳನು ಬಾಗಿಲಿನ ಗೋಜಿಗೇ ಹೋಗಿರಲಿಲ್ಲ. ಮಾಡಿನ ಮೇಲೆ ಬಾಗಿದ್ದ ಮಾವಿನ ಕೊಂಬೆಯಿಂದ ಇಳಿದು, ಎಂಟು ಹತ್ತು ಹಂಚುಗಳನ್ನು ಎತ್ತಿಟ್ಟು, ಅಡಿಯ ಪಟ್ಟಿಯೊಂದನ್ನು ಮುರಿದು ಒಳಗಿಳಿದಿದ್ದನು. ಹಂಚಿನ ಮಾಡೆಂಬುದು ಒಂದರ ಅಂಚಿಗೆ ಒಂದು ಕೂಡಿಕೊಂಡು ತನ್ನ ಭಾರದಿಂದ ತಾನೇ ನಿಂತಿರುವ ವಸ್ತು. ಅದನ್ನು ಎತ್ತಲು ಆಯುಧವೇ ಬೇಡ. ತಾಮ್ರದ ಹಂಡೆ, ಹಿತ್ತಾಳೆಯ ಕೊಳಗ, ಬಿಂದಿಗೆಗಳು ಹೋಗಿದ್ದುವು. ಅದಕ್ಕಿಂತ ಹೆಚ್ಚಿನ ಹಾನಿಯನ್ನು ಮಳೆ ಮಾಡಿದ್ದಿತು. ಆ ಕಿಂಡಿಯಿಂದ ಒಂದು ಮಳೆಗಾಲದ ನೀರೆಲ್ಲ ಒಳಗೆ ಸುರಿದು, ನೆನೆದ ತೊಲೆಗೆ ಗೆದ್ದಲು ಹತ್ತಿ, ಗೋಡೆಯುದ್ದಕ್ಕೂ ಮಣ್ಣಿನ ಕೊಳವೆಗಳು ಎದ್ದಿದ್ದುವು. ಮಾವನವರ ತಂದೆಯ ಕೈಬರಹದ ಲೆಕ್ಕದ ಪುಸ್ತಕಗಳೂ ಮನೆಯವರೆಲ್ಲರ ಜಾತಕಗಳೂ ಇದ್ದ ಮರದ ಪೆಟ್ಟಿಗೆಯನ್ನು ಮುಟ್ಟಿದರೆ ಅದು ಬೂದಿಯಂತೆ ಕುಸಿಯಿತು. ಗೆದ್ದಲು ಬೆಳಕಿಗೆ ಬಾರದ ಹುಳು. ಮಣ್ಣಿನ ಮರೆಯಿಲ್ಲದೆ ಗೋಡೆ ಹತ್ತಲಾರದು. ವಾರಕ್ಕೊಮ್ಮೆ ಅವ್ವನ ಪೊರಕೆ ಗೋಡೆಯ ಬುಡದಲ್ಲಿ ಆಡುತ್ತಿದ್ದಾಗ ಆ ಮರೆ ಕಟ್ಟುವುದಕ್ಕೇ ಆಗುತ್ತಿರಲಿಲ್ಲ. ಇದು ನನಗೆ ಅರ್ಥವಾದದ್ದು ಆ ದಿನ.

ಪೊಲೀಸಿನವರು ಬಂದು ಬರೆದುಕೊಂಡರು. ಯಾರ ಮೇಲಾದರೂ ಅನುಮಾನವುಂಟೇ ಎಂದು ಕೇಳಿದಾಗ, ಜೊತೆಗಿದ್ದ ನಮ್ಮ ನೆಂಟರೊಬ್ಬರು ಎದುರುಮನೆಯ ಕಡೆಗೆ ಕೈ ತೋರಿಸಿ, “ಮೊದಲು ಬೀಗದ ಕೈ ಅವಳ ಹತ್ತಿರವಿತ್ತು” ಎಂದರು. ನಾನು ಅಲ್ಲಿಯೇ ಇದ್ದೆನು. ಬಾಯಿ ತೆರೆಯಲಿಲ್ಲ. ಅವರು ಹೋಗಿ ಆಕೆಯನ್ನು ಎರಡು ಮಾತು ಕೇಳಿ ಹೊರಟುಹೋದರು, ಅಷ್ಟೇ. ಆದರೆ ಬೀದಿಯವರೆಲ್ಲರೂ ಅದನ್ನು ನೋಡಿದರು.

ಸಂಜೆ ನಾನೊಬ್ಬಳೇ ಆಕೆಯ ಮನೆಗೆ ಹೋದೆನು. ಅವ್ವ ರಾಗಿ ಬೀಸುತ್ತಿದ್ದಳು, ತಲೆಯೆತ್ತಲಿಲ್ಲ. “ಹೋದ ವರ್ಷ ನೀವು ಬೀಗದ ಕೈ ತಕ್ಕೊಂಡಾಗಲೇ ಊರಿನವರು ಅಂದರು ಅಮ್ಮಣ್ಣಿ, ಮುದುಕಿ ಏನೋ ಎತ್ತಿರಬೇಕು ಅಂತ. ಈಗ ಗಟ್ಟಿಯಾಯಿತು. ಬೇಡ ಅಂದ ಮನೆ ಕಡೆ ನಾನು ಹೇಗೆ ನೋಡಲಿ? ಮಳೆಯಲ್ಲಿ ಹಂಚು ಬಿದ್ದ ಸದ್ದು ಕೇಳಿಸಿತು. ನನ್ನದಲ್ಲ ಅಂತ ಸುಮ್ಮನಾದೆ.” ಇಷ್ಟು ಹೇಳಿ ಮತ್ತೆ ಬೀಸತೊಡಗಿದಳು.

ಹಿಂದಿನ ಕಾಲದ ಹಳ್ಳಿಗಳಲ್ಲಿ ಕಾವಲೆಂಬುದು ಒಂದು ಹಕ್ಕಾಗಿತ್ತು, ಕೂಲಿಯಾಗಿರಲಿಲ್ಲ. ಹನ್ನೆರಡು ಮಂದಿ ಆಯಗಾರರಲ್ಲಿ ತಳವಾರನೂ ತೋಟಿಯೂ ಸೇರಿದ್ದರು. ಕಳ್ಳಕಾಕರ ಸುಳಿವನ್ನು ತಿಳಿಯುವುದು, ದಾರಿಹೋಕರನ್ನು ಮುಂದಿನ ಹಳ್ಳಿಯವರೆಗೆ ಕಾದು ಮುಟ್ಟಿಸುವುದು ತಳವಾರನದು. ಊರೊಳಗಿನ ಕೆಲಸಗಳು, ಬೆಳೆಯ ಕಾವಲು ತೋಟಿಯದು. ಪೈರಿನಲ್ಲಿ ಅವರಿಗೆ ಪಾಲಿರುತ್ತಿದ್ದಿತು, ಇನಾಮು ಭೂಮಿಯೂ ಇರುತ್ತಿದ್ದಿತು. ೧೯೬೧ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ ೧೯೬೩ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಆ ಹುದ್ದೆಗಳೆಲ್ಲ ಹೋದುವು. ಹುಟ್ಟಿನಿಂದ ಹೇರಿದ ಆ ಊಳಿಗ ಹೋದದ್ದು ಒಳ್ಳೆಯದೇ. ತಳವಾರನ ದುಡಿಮೆಯನ್ನು ಹೊಗಳುವವರು ಅವನ ಬಡತನವನ್ನೂ ನೆನೆಯಬೇಕು. ಆದರೆ ಕಾಯುವವನಿಗೆ ಕಾಯುವ ವಸ್ತುವಿನಲ್ಲಿ ಏನಾದರೂ ಪಾಲಿರಬೇಕೆಂಬ ತಿಳಿವಳಿಕೆ ಅದರಲ್ಲಿದ್ದಿತು. ಹುಣಿಸೆಯ ಮರವನ್ನು ಅವ್ವನಿಗೆ ಬಿಟ್ಟುಕೊಟ್ಟಿದ್ದ ನಮ್ಮ ಅತ್ತೆಯವರಿಗೆ ಅದು ಗೊತ್ತಿದ್ದಿತು.

ಮಾಡನ್ನು ಸರಿಪಡಿಸಲು ಹಂಚು ತರಬೇಕಾಗಿ ನಾವು ಮಾಲೂರಿಗೆ ಹೋದೆವು. ಇಟ್ಟಿಗೆ ಹಂಚುಗಳಿಗೆ ಆ ಊರು ಹೆಸರಾದದ್ದು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಆರಂಭಿಸಿದ ಹಂಚಿನ ಮಾದರಿಯೇ ಇಲ್ಲಿಗೂ ಬಂದಿದೆ. ಹಂಚನ್ನು ಆರಿಸುವ ಬಗೆಯನ್ನು ಅಲ್ಲಿನ ಕೆಲಸಗಾರನೊಬ್ಬನು ನನಗೆ ತೋರಿಸಿಕೊಟ್ಟನು. ಬೆರಳ ಗೆಣ್ಣಿನಿಂದ ತಟ್ಟಿದರೆ ಚೆನ್ನಾಗಿ ಬೆಂದದ್ದು ಕಂಚಿನಂತೆ ನುಡಿಯುವುದು. ಬೇಯದ್ದೂ ಬಿರುಕು ಬಿಟ್ಟದ್ದೂ ಮಂಕಾಗಿ ಸದ್ದು ಮಾಡುವುವು. ಉಗ್ರಾಣದ ಮೇಲೆ ಹಂಚಿನ ಅಡಿಗೆ ಕಬ್ಬಿಣದ ಬಲೆಯನ್ನು ಹೊಡೆಸಿದೆವು. ಮಾಡಿಗೆ ಬಾಗಿದ್ದ ಕೊಂಬೆಯನ್ನು ಕಡಿಸಿದೆವು. ಕೋತಿಗಳ ಕಾಟವೂ ಅದರಿಂದ ಅರ್ಧ ತಪ್ಪಿತು.

ಅವ್ವನ ಮನಸ್ಸನ್ನು ಸರಿಪಡಿಸುವುದು ಇಷ್ಟು ಸುಲಭವಾಗಲಿಲ್ಲ. ಆ ವರ್ಷ ಆಕೆ ಒಪ್ಪಲೇ ಇಲ್ಲ. ಮರುವರ್ಷ ಸೀರೆಯನ್ನೂ ತಾಂಬೂಲವನ್ನೂ ಹಿಡಿದು ನಾವಿಬ್ಬರೂ ಹೋದೆವು. ತಿಂಗಳಿಗಿಷ್ಟೆಂದು ಸಂಬಳ ಕೊಡುತ್ತೇವೆಂದು ನಮ್ಮವರು ಹೇಳಿದರು. ಆಕೆ, “ದುಡ್ಡು ಹಂಗಿರಲಿ ಸಾಮಿ. ಬೀಗದ ಕೈ ಕಿತ್ತುಕೊಂಡದ್ದನ್ನು ಬೀದಿಯೆಲ್ಲ ನೋಡಿದೆ. ಕೊಡುವುದನ್ನೂ ನೋಡಲಿ” ಎಂದಳು. ಹಾಗೆಯೇ ಆಯಿತು. ಶನಿವಾರದ ಸಂಜೆ ಅರಳಿಕಟ್ಟೆಯ ಬಳಿ ನಾಲ್ಕು ಜನ ಕುಳಿತಿದ್ದಾಗ ನಮ್ಮವರು ಅದನ್ನು ಆಕೆಯ ಕೈಗೆ ಕೊಟ್ಟು, ನಮ್ಮಿಂದ ತಪ್ಪಾಯಿತೆಂದು ಹೇಳಿದರು. ಮರುದಿನ ಹಸು ಹಿತ್ತಲಿಗೆ ಬಂದಿತು.

ಈಗ ನಾವು ಮನೆ ಮುಚ್ಚುವ ಕ್ರಮ ಹೀಗಿದೆ. ಹೊರಡುವುದಕ್ಕೆ ವಾರ ಮೊದಲೇ ಮಾಡಿನ ಮೇಲೆ ಆಳನ್ನು ಹತ್ತಿಸಿ ಸರಿದ ಹಂಚನ್ನು ಕೂಡಿಸುವುದು. ತಿನ್ನುವ ವಸ್ತುವೊಂದೂ ಒಳಗಿರಕೂಡದು; ಒಂದು ಹಿಡಿ ಅಕ್ಕಿ ಉಳಿದರೂ ಇಲಿ, ಇಲಿಯ ಹಿಂದೆ ಹಾವು. ಹಾಸಿಗೆಗಳನ್ನು ಸುತ್ತಿ ತೊಲೆಯಿಂದ ಹಗ್ಗದಲ್ಲಿ ತೂಗುಹಾಕುವುದು, ಬಟ್ಟೆಯ ನಡುವೆ ಒಣಗಿದ ಬೇವಿನ ಸೊಪ್ಪು. ಅನಿಲದ ಸಿಲಿಂಡರು ತಿರುಗಿಸಿ, ವಿದ್ಯುತ್ತಿನ ಮುಖ್ಯ ಗುಂಡಿ ಆರಿಸಿ, ಹಿಂಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ, ಬೀಗ ಮುಂಬಾಗಿಲಿಗೆ ಮಾತ್ರ. ಒಡವೆ ಪತ್ರಗಳು ಅಲ್ಲಿರುವುದೇ ಇಲ್ಲ. ಉಳಿದ ದೊಡ್ಡ ಪಾತ್ರೆಗಳ ಮೇಲೆ ಹೆಸರು ಕೊರೆಯಿಸಿ, ಊರಿನ ಮದುವೆಗಳಿಗೆ ಎರವಲು ಕೊಡುವಂತೆ ಹೇಳಿದ್ದೇವೆ. ಹತ್ತು ಮದುವೆಯಲ್ಲಿ ಅನ್ನ ಬೇಯಿಸಿದ ಕೊಳಗವನ್ನು ಸುತ್ತಿನ ಹಳ್ಳಿಗಳಲ್ಲಿ ಮಾರುವುದು ಕಷ್ಟ. ಠಾಣೆಗೂ ಒಂದು ಕಾಗದ ಬರೆದುಕೊಟ್ಟು, ಗಸ್ತಿನ ಪೇದೆಗೆ ಎದುರುಮನೆಯವರ ಪರಿಚಯ ಮಾಡಿಸುತ್ತೇವೆ.

ನನ್ನ ಮಗ ಒಂದು ಕ್ಯಾಮೆರವನ್ನೂ ಹಾಕಿದನು. ಬೆಂಗಳೂರಿನಲ್ಲಿ ಕುಳಿತು ಟೆಲಿಫೋನಿನಲ್ಲಿ ಜಗಲಿಯನ್ನು ನೋಡಬಹುದೆಂದು ಎಲ್ಲರಿಗೂ ಸಂಭ್ರಮ. ಅದರ ಬೆಳಕಿಗೆ ಹುಳುಗಳು ಬಂದುವು, ಹುಳುಗಳಿಗೆ ಹಲ್ಲಿ ಬಂದಿತು. ಆ ಮಳೆಗಾಲವೆಲ್ಲ ನಾವು ಒಂದು ಹಲ್ಲಿಯ ಹೊಟ್ಟೆಯನ್ನು ನೋಡಿದೆವು. ಕಡೆಗೆ ಅವ್ವನೇ ಸ್ಟೂಲು ಹತ್ತಿ ಅದನ್ನು ಓಡಿಸಬೇಕಾಯಿತು.

ಅವ್ವ ೨೦೨೧ರಲ್ಲಿ ತೀರಿಕೊಂಡಳು. ಬೀಗದ ಕೈ ಈಗ ಆಕೆಯ ಸೊಸೆಯ ಬಳಿಯಿದೆ. ಹೋದ ವರ್ಷ ಮನೆ ಮುಚ್ಚಿ, ಮುಳುಬಾಗಿಲಿನ ಆಂಜನೇಯನಿಗೆ ನಮಸ್ಕರಿಸಿ ಬೆಂಗಳೂರಿಗೆ ಹೋಗೋಣವೆಂದು ಆ ದಾರಿ ಹಿಡಿದೆವು. ಮೂಡಲ ಬಾಗಿಲೆಂಬುದೇ ಮುಳುಬಾಗಿಲಾಯಿತೆಂದು ಹೇಳುವರು. ನಾಡಿಗೆ ಅದು ಮೂಡಣ ದಿಕ್ಕಿನ ಬಾಗಿಲು. ತಿರುಪತಿಗೆ ಹೋಗುವವರು ಇಲ್ಲಿಯ ನರಸಿಂಹತೀರ್ಥದಲ್ಲಿ ಮಿಂದು ಮುಂದಕ್ಕೆ ಹೋಗುವುದು ಹಿಂದಿನಿಂದ ಬಂದ ರೂಢಿ. ಎಷ್ಟು ತಲೆಮಾರಿನ ಗೃಹಿಣಿಯರು ಈ ಬಾಗಿಲಿನಲ್ಲಿ ನಿಂತು, ಬಿಟ್ಟುಬಂದ ತಮ್ಮ ಬಾಗಿಲನ್ನು ನೆನೆದಿರುವರೋ! ಆಂಜನೇಯನ ಮುಂದೆ ಕೈಮುಗಿದು ನಿಂತಿದ್ದಾಗ, ಹಿಂಬಾಗಿಲಿನ ಅಗುಳಿ ಹಾಕಿದೆನೋ ಇಲ್ಲವೋ ಎಂಬ ಸಂಶಯ ನನಗೂ ಹುಟ್ಟಿತು. ಎಷ್ಟು ನೆನೆದರೂ ನೆನಪಾಗಲಿಲ್ಲ. ಹೊರಗೆ ಬಂದು ಸೊಸೆಗೆ ಟೆಲಿಫೋನು ಮಾಡಿದೆನು.

“ಹಾಕಿರಲಿಲ್ಲ ಅಮ್ಮಣ್ಣಿ” ಎಂದಳು. “ನೀವು ಬಸ್ಸು ಹತ್ತುತ್ತಲೇ ಹೋಗಿ ನೋಡಿದೆ. ನಾನು ಹಾಕಿದ್ದೀನಿ.”