ಕಿರುಪದಗಳ ಬೆನ್ನು ಹತ್ತಿ: ದಿನಚರಿಯ ಕೆಲವು ಪುಟಗಳು

ಜುಲೈ 3, 2025, ಗುರುವಾರ

ಸಂಜೆ ಮಳೆಗೆ ಕರೆಂಟ್ ಹೋಯಿತು. ಬರ್ಮಿಂಗ್‌ಹ್ಯಾಮ್ ಟೆಸ್ಟನ್ನು ಟೀವಿಯಲ್ಲಿ ನೋಡುವ ಬದಲು ಮೊಬೈಲಿನಲ್ಲಿ ಇಂಗ್ಲಿಷ್ ಕಾಮೆಂಟರಿ ಕೇಳುತ್ತ ಕೂತೆ. ಕಣ್ಣಿಗೆ ಕೆಲಸವಿಲ್ಲದಾಗ ಕಿವಿ ಚುರುಕಾಗುತ್ತದೆ. ಆಡುಮಾತಿನ ಇಂಗ್ಲಿಷಿನಲ್ಲಿ ಜಾಗ ಹೇಳುವ ಪದಗುಚ್ಛದ ಮುಂದೆ ಇನ್ನೊಂದು ಕಿರುಪದ ಬಂದು ಕೂರುವ ಪರಿ ಇವತ್ತು ಸ್ಪಷ್ಟವಾಗಿ ಕೇಳಿಸಿತು.

‘ಜಸ್ಟ್ ಔಟ್‌ಸೈಡ್ ಆಫ್ ಸ್ಟಂಪ್’ ಎಂದರೆ ಚೆಂಡು ಬ್ಯಾಟನ್ನು ಕೆಣಕುವಷ್ಟು ಹತ್ತಿರ; ಅಂಚು ತಾಗಿದರೆ ಸ್ಲಿಪ್‌ನಲ್ಲಿ ಕ್ಯಾಚ್. ‘ವೆಲ್ ಔಟ್‌ಸೈಡ್ ಆಫ್ ಸ್ಟಂಪ್’ ಎಂದರೆ ಆಡದೆ ಬಿಟ್ಟುಬಿಡಬಹುದಾದ ಚೆಂಡು. ‘ಔಟ್‌ಸೈಡ್ ಆಫ್ ಸ್ಟಂಪ್’ ಎರಡರಲ್ಲೂ ಒಂದೇ. ಅಪಾಯ ಎಷ್ಟು ಎಂಬುದೆಲ್ಲ ಮೊದಲ ಪದದಲ್ಲಿದೆ. ಹಾಗೆಯೇ ‘ಸ್ಟ್ರೈಟ್ ಬ್ಯಾಕ್ ಓವರ್ ದ ಬೌಲರ್ಸ್ ಹೆಡ್’ ಎನ್ನುವಾಗ ಬೌಲರನ ತಲೆಯ ಮೇಲೆ ಚೆಂಡು ಹಾರಿದ್ದಷ್ಟೇ ಅಲ್ಲ, ಅತ್ತಿತ್ತ ಬಾಗದೆ, ಬಂದ ದಾರಿಯಲ್ಲೇ ಹಿಂದಿರುಗಿದ್ದೂ ತಿಳಿಯುತ್ತದೆ. ರೇಡಿಯೊ ಕೇಳುಗನಿಗೆ ಮೈದಾನ ಕಟ್ಟಿಕೊಡುವುದು ಈ ಪದಗಳೇ.

ಜುಲೈ 5, ಶನಿವಾರ

ನಾನು ಇಂಗ್ಲಿಷ್ ಕಲಿಸುವ ಹೈಸ್ಕೂಲಿನ ವ್ಯಾಕರಣ ಪಾಠದಲ್ಲಿ ಕ್ರಿಯಾವಿಶೇಷಣ ಒಂದು ಅಧ್ಯಾಯ, ಪ್ರಿಪೊಸಿಷನ್ ಇನ್ನೊಂದು. ಒಂದು ಕ್ರಿಯಾಪದವನ್ನು ವಿವರಿಸುತ್ತದೆ, ಇನ್ನೊಂದು ನಾಮಪದದ ಮುಂದೆ ನಿಲ್ಲುತ್ತದೆ ಎಂದು ಹೇಳಿ ಮುಗಿಸುತ್ತೇವೆ. ಇವೆರಡೂ ಕೂಡಿ ನಡೆಯುತ್ತವೆಂದು ಯಾವ ಅಧ್ಯಾಯವೂ ಹೇಳುವುದಿಲ್ಲ.

ಕೂಡುವುದಕ್ಕೂ ಕಟ್ಟುನಿಟ್ಟಾದ ನಿಯಮವಿದೆ. ‘ಜಸ್ಟ್ ಬಿಫೋರ್ ನೂನ್’, ‘ಲಾಂಗ್ ಬಿಫೋರ್ ನೂನ್’, ‘ಶಾರ್ಟ್‌ಲಿ ಬಿಫೋರ್ ನೂನ್’ ಎಲ್ಲವೂ ಸರಿ. ‘ವೆರಿ ಬಿಫೋರ್ ನೂನ್’ ಎಂದು ಯಾರೂ ಅನ್ನುವುದಿಲ್ಲ. ಗುಣವಾಚಕಗಳ ಮುಂದೆ ಅಷ್ಟು ಸಲೀಸಾಗಿ ನಿಲ್ಲುವ ‘ವೆರಿ’ಗೆ ಹೊತ್ತು, ಜಾಗ ಹೇಳುವ ಪದಗುಚ್ಛದ ಮುಂದೆ ಪ್ರವೇಶವಿಲ್ಲ. ‘ರೈಟ್’ ಇದಕ್ಕೆ ತದ್ವಿರುದ್ಧ. ‘ರೈಟ್ ಆಫ್ಟರ್ ಲಂಚ್’, ‘ರೈಟ್ ಥ್ರೂ ದ ನೈಟ್’, ‘ರೈಟ್ ಅಪ್ ಟು ದ ಡೋರ್’ ದಿನಬಳಕೆಯ ಮಾತುಗಳು. ಆದರೆ ‘ರೈಟ್ ಟಾಲ್’ ಎನ್ನುವುದು ಉತ್ತರ ಇಂಗ್ಲೆಂಡಿನ, ಅಮೆರಿಕದ ದಕ್ಷಿಣ ರಾಜ್ಯಗಳ ಆಡುನುಡಿಗೆ ಸೇರಿದ್ದು. ಶಿಷ್ಟ ಇಂಗ್ಲಿಷ್ ಅದನ್ನು ಒಪ್ಪುವುದಿಲ್ಲ.

‘ರೈಟ್ ಇನ್ ದ ಮಿಡಲ್’ ಎಂಬುದನ್ನು ನಮ್ಮ ಮಕ್ಕಳಿಗೆ ತಿಳಿಸಲು ವಿವರಣೆಯೇ ಬೇಡ. ನಟ್ಟನಡುವೆ ಎಂದರೆ ಸಾಕು. ತುತ್ತತುದಿ, ಕಟ್ಟಕಡೆ, ಮೊಟ್ಟಮೊದಲು ಎನ್ನುವವರಿಗೆ ‘ರೈಟ್’ ಮಾಡುವ ಕೆಲಸ ಆಗಲೇ ಗೊತ್ತು. ನಾವು ಪದವನ್ನೇ ಮಡಿಸಿ ಒತ್ತು ಕೊಡುತ್ತೇವೆ, ಇಂಗ್ಲಿಷಿನವರು ಬೇರೊಂದು ಪದ ತರುತ್ತಾರೆ.

ಜುಲೈ 9, ಬುಧವಾರ

ಜಿಲ್ಲಾಧಿಕಾರಿಗಳು ಶಾಲೆಗಳಿಗೆ ಮಳೆ ರಜೆ ಕೊಟ್ಟಿದ್ದಾರೆ. ಶೆಫೀಲ್ಡಿನಿಂದ ತಂಗಿಯ ಫೋನ್ ಬಂತು. ನಡುನಡುವೆ ಇಂಗ್ಲಿಷ್ ಬೆರೆಸಿ ಮಾತಾಡುವುದು ಅವಳ ರೂಢಿ. ಇವತ್ತು ನಾನು ವಿಷಯದ ಜೊತೆಗೆ ಆ ಮಾತುಗಳನ್ನೂ ಗಮನಿಸುತ್ತಿದ್ದೆ. ಗಂಡ ‘ಅಪ್ ಇನ್ ದ ಲಾಫ್ಟ್’, ಮಗ ‘ಔಟ್ ಇನ್ ದ ಗಾರ್ಡನ್’, ಪಕ್ಕದ ಮನೆಯಾಕೆ ‘ಓವರ್ ಅಟ್ ಹರ್ ಸಿಸ್ಟರ್ಸ್’. ಬರೀ ‘ಇನ್ ದ ಗಾರ್ಡನ್’ ಎಂದರೂ ಅರ್ಥಕ್ಕೆ ಕೊರತೆಯಿಲ್ಲ. ‘ಔಟ್’ ಸೇರಿದ್ದರಿಂದ ಹೇಳುತ್ತಿರುವವಳು ಮನೆಯೊಳಗಿದ್ದಾಳೆ ಎಂಬುದೂ ತಿಳಿಯಿತು. ಮಗ ಎಲ್ಲಿದ್ದಾನೆ ಎಂಬ ಮಾತಿನೊಳಗೇ ಅಮ್ಮ ಎಲ್ಲಿದ್ದಾಳೆ ಎಂಬುದೂ ಬಂತು.

ಆಮೇಲೆ ಅವಳು ತನ್ನ ಬಾಲ್ಯದ ಯಾವುದೋ ಮಾತಿಗೆ ‘ಬ್ಯಾಕ್ ಇನ್ ಇಂಡಿಯಾ’ ಎಂದಳು. ತುಸು ಹೊತ್ತಿಗೆ ಫೋನಿಗೆ ಬಂದ ಮಗ, ಅಲ್ಲೇ ಹುಟ್ಟಿ ಬೆಳೆದವನು, ‘ಓವರ್ ಇನ್ ಇಂಡಿಯಾ’ ಎಂದ. ‘ಬ್ಯಾಕ್’ ಎಂದರೆ ತಾನು ಒಮ್ಮೆ ಇದ್ದು ಬಿಟ್ಟುಬಂದ ಕಡೆ. ‘ಓವರ್’ ಎಂದರೆ ನಡುವೆ ಒಂದು ದೂರವನ್ನು ದಾಟಿ ಆಚೆಗಿರುವ ಕಡೆ. ಒಂದೇ ದೇಶ, ಒಂದೇ ಮನೆಯ ಇಬ್ಬರು. ಇದನ್ನು ತಂಗಿಗೆ ಹೇಳಿದೆ. “ಹೌದಲ್ಲ ಅಕ್ಕಾ, ಅವನಿಗೆ ಅದು ಬಿಟ್ಟುಬಂದ ಊರೇ ಅಲ್ಲ” ಎಂದು ಸುಮ್ಮನಾದಳು. ವಲಸೆ ಹೋದವರ ಎರಡು ತಲೆಮಾರಿನ ಅಂತರ ಒಂದು ಕಿರುಪದದಲ್ಲಿ ಬಂದು ನಿಂತಿದೆ. ಇಂಥ ಪದವನ್ನು ಅಲಂಕಾರವೆಂದು ತಳ್ಳಿಹಾಕುವುದು ಹೇಗೆ?

ಜುಲೈ 12, ಶನಿವಾರ

‘ಅಪ್’, ‘ಡೌನ್’ ಏರುತಗ್ಗನ್ನಷ್ಟೇ ಹೇಳುವುದಿಲ್ಲ. ಬ್ರಿಟನ್ನಿನ ರೈಲ್ವೆಯಲ್ಲಿ ಲಂಡನ್ ಕಡೆ ಹೋಗುವ ಹಳಿ ಸಾಮಾನ್ಯವಾಗಿ ‘ಅಪ್’, ನೆಲ ಇಳಿಜಾರಾಗಿದ್ದರೂ. ನಮ್ಮ ರೈಲ್ವೆಗೂ ‘ಅಪ್’, ‘ಡೌನ್’ ಅಲ್ಲಿಂದಲೇ ಬಂದವು. ತಂಗಿಯ ಊರಿನವರು ‘ಡೌನ್ ಇನ್ ಲಂಡನ್’ ಎನ್ನುತ್ತಾರೆ, ಭೂಪಟದಲ್ಲಿ ಉತ್ತರ ಮೇಲಿರುವುದರಿಂದ. ದಕ್ಷಿಣದ ಹಳಬರು ‘ಅಪ್ ಟು ಲಂಡನ್’ ಎಂದದ್ದು ರಾಜಧಾನಿಯ ಹಿರಿಮೆಗೆ. ಆಕ್ಸ್‌ಫರ್ಡಿನಲ್ಲಿ ಓದಲು ಹೋಗುವುದೂ ‘ಅಪ್’. ಅಲ್ಲಿಂದ ಹೊರಹಾಕಿಸಿಕೊಳ್ಳುವುದು ‘ಡೌನ್’. ನಕ್ಷೆಯದೊಂದು ಲೆಕ್ಕ, ಅಂತಸ್ತಿನದೊಂದು ಲೆಕ್ಕ.

ಕೆಲವು ಜೋಡಿಗಳು ಎಷ್ಟು ಕಾಲ ಕೂಡಿ ಬಾಳಿದವೆಂದರೆ ಒಂದೇ ಪದವಾಗಿಬಿಟ್ಟವು. ‘ಇಂಟು’, ‘ಅಪಾನ್’ ಹಾಗೆ ಬೆಸೆದವು. ‘ಆನ್‌ಟು’ ಇನ್ನೂ ಪೂರ್ತಿ ಬೆಸೆದಿಲ್ಲ. ಅನೇಕ ಬ್ರಿಟಿಷ್ ಬರಹಗಾರರು ಈಗಲೂ ಬಿಡಿಸಿಯೇ ಬರೆಯುತ್ತಾರೆ. ದಾರಿಯಲ್ಲಿ ಎಲ್ಲಿಯೋ ಉಳಿದು, ಅಲ್ಲಿಂದ ಮುಂದೆ ಬ್ರಿಸ್ಟಲಿಗೆ ಹೋದೆವು ಎನ್ನುವ ‘ಡ್ರೋವ್ ಆನ್ ಟು ಬ್ರಿಸ್ಟಲ್’ನಲ್ಲಿ ಬಿಡಿಸಿ ಬರೆಯುವುದು ಎಲ್ಲರಿಗೂ ಅನಿವಾರ್ಯ. ಅಲ್ಲಿ ‘ಆನ್’ ಎಂದರೆ ಮುಂದಕ್ಕೆ. ಅದು ಕ್ರಿಯೆಯ ಜೊತೆಗಾರ.

ಜುಲೈ 15, ಮಂಗಳವಾರ

ರಾತ್ರಿ ಕೂತು ವ್ಯಾಕರಣಕಾರರ ಜಗಳ ಓದಿದೆ. ‘ವೆಂಟ್ ಡೌನ್’ನಲ್ಲಿರುವ ‘ಡೌನ್’ ಕ್ರಿಯಾವಿಶೇಷಣ, ‘ವೆಂಟ್ ಡೌನ್ ದ ಹಿಲ್’ನಲ್ಲಿರುವುದು ಪ್ರಿಪೊಸಿಷನ್ ಎಂದು ಶಾಲೆಯ ವ್ಯಾಕರಣ ವಿಂಗಡಿಸುತ್ತದೆ. ಡೆನ್ಮಾರ್ಕಿನ ಒಟ್ಟೊ ಯೆಸ್ಪರ್ಸನ್ 1924ರಲ್ಲೇ ಇದನ್ನು ಪ್ರಶ್ನಿಸಿದರು: ಕರ್ಮವಿದ್ದರೂ ಇಲ್ಲದಿದ್ದರೂ ಕ್ರಿಯಾಪದ ಕ್ರಿಯಾಪದವೇ ಆಗಿರುವಾಗ ಈ ಪದಗಳನ್ನು ಮಾತ್ರ ಒಡೆಯುವುದೇಕೆ? ಕ್ರಿಯಾವಿಶೇಷಣ, ಪ್ರಿಪೊಸಿಷನ್, ಸಂಯೋಜಕಗಳನ್ನು ಅವರು ಒಂದೇ ಗುಂಪಿಗೆ ಸೇರಿಸಿದರು. 1985ರ ಕ್ವರ್ಕ್ ಮತ್ತು ಸಂಗಡಿಗರ ದೊಡ್ಡ ವ್ಯಾಕರಣ ಹಳೆಯ ವಿಂಗಡಣೆಯನ್ನೇ ಉಳಿಸಿಕೊಂಡಿತು. 2002ರಲ್ಲಿ ಹಡಲ್‌ಸ್ಟನ್ ಮತ್ತು ಪುಲ್ಲಮ್ ಅವರ ಕೇಂಬ್ರಿಜ್ ವ್ಯಾಕರಣ ‘ಅಪ್’, ‘ಔಟ್’, ‘ಬ್ಯಾಕ್’ಗಳನ್ನು ಒಂಟಿಯಾಗಿ ನಿಂತಾಗಲೂ ಪ್ರಿಪೊಸಿಷನ್ ಎಂದೇ ಕರೆಯಿತು. ‘ರೈಟ್’ ಇವುಗಳ ಮುಂದೆಯೂ ನಿಲ್ಲುತ್ತದೆ ಎಂಬುದು ಅವರಿಗೆ ಸಿಕ್ಕ ಗಟ್ಟಿ ಆಧಾರಗಳಲ್ಲಿ ಒಂದು. ನನಗೂ ಈ ಪಕ್ಷವೇ ಸರಿ ಎನಿಸುತ್ತದೆ.

ರೂಪ ಬದಲಿಸದ ಇಂಥ ಪದಗಳನ್ನೆಲ್ಲ ಅವ್ಯಯವೆಂದು ಒಂದೇ ಚಾವಣಿಯಡಿ ತರುವುದು ನಮ್ಮ ಪರಂಪರೆಗೆ ಹೊಸದಲ್ಲ. 13ನೇ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಅವ್ಯಯಕ್ಕೆ ಪ್ರತ್ಯೇಕ ಪ್ರಕರಣವಿದೆ. ಕನ್ನಡ ವ್ಯಾಕರಣ ಓದಿದ ಮಗುವಿಗೆ ಯೆಸ್ಪರ್ಸನ್ ಮಾತು ವಿಚಿತ್ರವೆನಿಸಲಾರದು.

ಜುಲೈ 19, ಶನಿವಾರ

ಒಂಬತ್ತನೆಯ ತರಗತಿಯಲ್ಲಿ ಬಿಟ್ಟ ಸ್ಥಳ ತುಂಬಿಸುವ ಅಭ್ಯಾಸ ಬದಿಗಿಟ್ಟು, ಮನೆಯಲ್ಲಿ ಯಾರು ಎಲ್ಲಿದ್ದಾರೆ ಎಂದು ಕನ್ನಡದಲ್ಲೇ ಕೇಳಿದೆ. “ಒಳಗೆ ಅಡುಗೆಮನೇಲಿದಾರೆ ಮಿಸ್”, “ಮೇಲೆ ಅಟ್ಟದಲ್ಲಿ”, “ಕೆಳಗೆ ಗದ್ದೇಲಿ” ಎಂಬ ಉತ್ತರಗಳು ಬಂದವು. ಮೊದಲು ದಿಕ್ಕು, ಆಮೇಲೆ ಜಾಗ. ಇಂಗ್ಲಿಷಿನ ಕ್ರಮವೂ ಅದೇ. “ಕೆಳಗೆ ಗದ್ದೇಲಿ” ಎಂದವಳು ಒಂದೇ ಉಸಿರಿಗೆ ‘ಡೌನ್ ಇನ್ ದ ಫೀಲ್ಡ್’ ಎಂದಳು. ಬೋರ್ಡಿನ ಮೇಲೆ ಏನೂ ಬರೆಯುವ ಮೊದಲೇ. ಒತ್ತು ಎಲ್ಲಿ ಬೀಳಬೇಕು ಎಂಬುದನ್ನಷ್ಟೇ ತೋರಿಸಿದೆ: ‘ಡೌನ್’ ಗಟ್ಟಿಯಾಗಿ, ‘ಇನ್ ದ’ ಹಗುರಾಗಿ ಜಾರಿ, ‘ಫೀಲ್ಡ್’ ಮತ್ತೆ ಗಟ್ಟಿಯಾಗಿ.

ಪರೀಕ್ಷೆ ಒಂದು ಖಾಲಿ ಜಾಗಕ್ಕೆ ಒಂದು ಪ್ರಿಪೊಸಿಷನ್ ಕೇಳುತ್ತದೆ, ಅದನ್ನೂ ಕಲಿಸುತ್ತೇನೆ. ಆದರೆ ಮಾತಾಡುವವನು ತಾನು ನಿಂತ ನೆಲೆಯಿಂದಲೇ ಜಗತ್ತನ್ನು ತೋರಿಸುತ್ತಾನೆ. ಆ ನೆಲೆಯನ್ನು ಹೇಳುವ ಪದವನ್ನು ಪಾಠದಿಂದ ಬಿಟ್ಟರೆ ಮಕ್ಕಳ ಇಂಗ್ಲಿಷಿನಲ್ಲಿ ಜಾಗಗಳಿರುತ್ತವೆ, ಮಕ್ಕಳು ಇರುವುದಿಲ್ಲ. ಮುಂದಿನ ವಾರದಿಂದ ಈ ಪದಗಳನ್ನು ಬಿಡಿಬಿಡಿಯಾಗಿ ಪಟ್ಟಿ ಮಾಡಿಸದೆ ಜೋಡಿಯಾಗಿಯೇ ಬಾಯಿಪಾಠ ಮಾಡಿಸಬೇಕು.