ಅಡ್ವಾನ್ಸ್ ದುಡ್ಡು ಎಲ್ಲಿ ಹೋಯ್ತು?

ನಮ್ಮ ಮನೆಗೆ ಬಂದ ನೆಂಟರೆಲ್ಲಾ ಕಾಫಿ ಕುಡಿಯುತ್ತಾ ಹೇಳೋ ಮಾತು ಒಂದೇ. "ನಿಮಗೇನಪ್ಪಾ, ನಾಲ್ಕು ಮನೆ ಬಾಡಿಗೆ ಬರುತ್ತೆ, ಕಾಲ ಮೇಲೆ ಕಾಲು ಹಾಕ್ಕೊಂಡು ಕೂತ್ಕೋಬಹುದು." ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಅಪ್ಪನ ಲೆಕ್ಕದ ಪುಸ್ತಕ ನೋಡೋವರೆಗೆ.

ಶ್ರೀನಗರದಲ್ಲಿ ನಮ್ಮದು 30-40 ಸೈಟು. ಕೆಳಗೆ ಎರಡು ಮನೆ, ಮೊದಲ ಮಹಡಿಯಲ್ಲಿ ಎರಡು, ಅದರ ಮೇಲೆ ನಾವು. ಕೆಳಗಿನದನ್ನು ಅಪ್ಪ 1998ರಲ್ಲಿ ಕಟ್ಟಿಸಿದ್ದು, ಮೇಲಿನವು 2006ರಲ್ಲಿ. ಕೆಳಗೆ ಹಿಂದಿನ ಮನೆಯಲ್ಲಿ ಟೈಲರ್ ಅಂಕಲ್ ಇದ್ದಾರೆ, 2003ರಿಂದ. ನನ್ನ ಸ್ಕೂಲ್ ಯೂನಿಫಾರ್ಮ್ ಎಲ್ಲಾ ಅವರೇ ಹೊಲಿದಿದ್ದು.

2023ರ ಆಗಸ್ಟಿನಲ್ಲಿ ಒಂದು ಬೆಳಗ್ಗೆ ಅವರ ಅಡುಗೆಮನೆ ತಾರಸಿಯಿಂದ ಒಂದು ಹಲಗೆಯಷ್ಟು ಅಗಲದ ಗಾರೆ ಕಳಚಿ ಸ್ಟವ್ ಮೇಲೆ ಬಿತ್ತು. ಆಂಟಿ ಹತ್ತು ನಿಮಿಷ ಮುಂಚೆ ಅಲ್ಲೇ ನಿಂತು ದೋಸೆ ಹುಯ್ಯುತ್ತಿದ್ದರಂತೆ. ನಾನು ಓಡಿಹೋಗಿ ನೋಡಿದರೆ ಮೋಲ್ಡಿನ ಕಂಬಿಗಳು ಕೆಂಪಗೆ ತುಕ್ಕು ಹಿಡಿದು ಹೊರಗೆ ಕಾಣಿಸುತ್ತಿದ್ದವು. ಅಂಕಲ್ ಕೂಗಾಡಲಿಲ್ಲ. "ಓನರ್‌ಗೆ ಎರಡು ವರ್ಷದಿಂದ ಹೇಳ್ತಾನೇ ಇದೀನಿ ತಮ್ಮಾ, ತೇವ ಬರ್ತಿದೆ ಅಂತ" ಅಂದರು ಅಷ್ಟೇ. ಕೂಗಾಡಿದ್ದರೇ ಚೆನ್ನಾಗಿತ್ತು.

ಮೇಸ್ತ್ರಿ ಬಂದು ನೋಡಿದ. ಮೇಲಿನ ಮನೆಯ ಬಾತ್‌ರೂಮಿನ ನೆಲದೊಳಗೆ ಹಳೇ ಕಬ್ಬಿಣದ ಪೈಪು ಕೊಳೆತು ನೀರು ಬಿಡುತ್ತಿದೆ. ನೀರು ತಾಗಿದ ಕಂಬಿ ತುಕ್ಕು ಹಿಡಿಯುತ್ತೆ, ತುಕ್ಕು ಹಿಡಿದ ಕಂಬಿ ಊದಿಕೊಳ್ಳುತ್ತೆ, ಊದಿಕೊಂಡಾಗ ಸುತ್ತಲಿನ ಕಾಂಕ್ರೀಟನ್ನು ಒಡೆದು ತಳ್ಳುತ್ತೆ. ಕೆಳಗಿನಿಂದ ಎಷ್ಟು ಸಲ ಗಾರೆ ಮೆತ್ತಿದರೂ ಪ್ರಯೋಜನ ಇಲ್ಲ, ಮೇಲಿನ ಬಾತ್‌ರೂಮ್ ಪೂರ್ತಿ ಅಗೆಯಲೇಬೇಕು ಅಂದ.

ಮೇಲಿನ ಮನೆಯವರನ್ನು ಕೇಳಿದರೆ, "ಅಗೆದರೆ ನಾವು ಇರೋಕಾಗಲ್ಲ. ನಮ್ಮ ಐದು ಲಕ್ಷ ಕೊಟ್ಟುಬಿಡಿ, ಖಾಲಿ ಮಾಡ್ತೀವಿ" ಅಂದರು. ಅವರು ಇದ್ದಿದ್ದು ಭೋಗ್ಯಕ್ಕೆ. ಗೊತ್ತಿಲ್ಲದವರಿಗೆ ಹೇಳೋದಾದರೆ, ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ಬಾಡಿಗೆ ಇಲ್ಲದೆ ಇರೋದು. ಖಾಲಿ ಮಾಡುವಾಗ ಅಷ್ಟೂ ದುಡ್ಡು ವಾಪಸ್ಸು. ದುಡ್ಡಿನ ಬಡ್ಡಿಯೇ ಓನರಿಗೆ ಬಾಡಿಗೆ.

ಅವತ್ತು ರಾತ್ರಿ ಅಪ್ಪನ ಹತ್ತಿರ ಲೆಕ್ಕದ ಪುಸ್ತಕ ಇಸಕೊಂಡೆ. ಅಡ್ವಾನ್ಸ್ ಟೈಲರ್ ಅಂಕಲ್‌ದು 50 ಸಾವಿರ, ಮುಂದಿನ ಮನೆಯದು 90 ಸಾವಿರ, ಮೇಲೆ ಬಾಡಿಗೆಗೆ ಇರೋರದ್ದು 1 ಲಕ್ಷ 10 ಸಾವಿರ, ಭೋಗ್ಯ 5 ಲಕ್ಷ. ಒಟ್ಟು ಏಳೂವರೆ ಲಕ್ಷ. "ಈ ದುಡ್ಡೆಲ್ಲಾ ಎಲ್ಲಿದೆ ಅಪ್ಪಾ?" ಅಂದೆ. ಅಪ್ಪ ಟಿವಿ ಕಡೆ ನೋಡುತ್ತಾ, "ಅದೆಲ್ಲಾ ಎಲ್ಲಿರುತ್ತೆ" ಅಂದರು.

ನನಗೆ ರೇಗಿತು. ಬೇರೆಯವರ ದುಡ್ಡು, ನಾಳೆ ವಾಪಸ್ ಕೊಡಬೇಕಾದ್ದು, ಹೀಗೆ ಖರ್ಚು ಮಾಡಿದರೆ ಹೇಗೆ, ಅಂತ ಒಂದು ದೊಡ್ಡ ಭಾಷಣ ಬಿಗಿದೆ. ಅಪ್ಪ ಏನೂ ಹೇಳಲಿಲ್ಲ. ಅಮ್ಮ ಅಡುಗೆಮನೆಯಿಂದಲೇ, "ಆ ಮನೆ ಭೋಗ್ಯಕ್ಕೆ ಹಾಕಿದ್ದು ಯಾವ ವರ್ಷ ನೋಡು" ಅಂದಳು. ನೋಡಿದೆ. 2015, 4 ಲಕ್ಷ. 2018ರಲ್ಲಿ ಮತ್ತೆ 1 ಲಕ್ಷ. ನಾನು ಇಂಜಿನಿಯರಿಂಗ್ ಸೇರಿದ್ದು 2015ರಲ್ಲಿ.

ಭಾಷಣ ಅಲ್ಲಿಗೇ ನಿಂತಿತು.

ಇನ್ನೊಂದು ವಿಷಯ ಆಗ ಗಮನಿಸಿದೆ. ಆ ಮೊತ್ತಗಳನ್ನೆಲ್ಲಾ ಅಪ್ಪ ಬಂದ ದುಡ್ಡಿನ ಕಡೆ ಬರೆದೇ ಇರಲಿಲ್ಲ. ಪುಸ್ತಕದ ಕೊನೆಯಲ್ಲಿ "ಕೊಡಬೇಕಾದ್ದು" ಅಂತ ಒಂದು ಪುಟ ಮಾಡಿ ಅಲ್ಲಿ ಬರೆದಿಟ್ಟಿದ್ದರು. ಅವರಿಗೆ ಎಲ್ಲಾ ಗೊತ್ತಿತ್ತು. ಎರಡು ವರ್ಷ ರಿಪೇರಿ ಮಾಡಿಸದೆ ಇದ್ದಿದ್ದು ಸೋಮಾರಿತನದಿಂದ ಅಲ್ಲ. ರಿಪೇರಿ ಅಂದರೆ ಮೇಲಿನ ಮನೆ ಖಾಲಿ, ಖಾಲಿ ಅಂದರೆ ಐದು ಲಕ್ಷ. ಆ ಐದು ಲಕ್ಷ ಅವರ ಹತ್ತಿರ ಇರಲಿಲ್ಲ. 2015ರಲ್ಲಿ ಸರಿಯಾಗೇ ಇದ್ದ ಭೋಗ್ಯದ ಲೆಕ್ಕ ಕ್ರಮೇಣ ಲುಕ್ಸಾನಾಗಿತ್ತು. ಸುತ್ತಲಿನ ಬಾಡಿಗೆ ವರ್ಷ ವರ್ಷ ಏರುತ್ತೆ, ಭೋಗ್ಯದ ದುಡ್ಡು ಇದ್ದಲ್ಲೇ ಇರುತ್ತೆ. ಬಿಡಿಸಿಕೊಳ್ಳೋಕೆ ಆಗದೆ ಹೋದರೆ ಬಿಡಿಸಿಕೊಳ್ಳೋದು ಇನ್ನೂ ಕಷ್ಟ ಆಗುತ್ತಾ ಹೋಗುತ್ತೆ.

ಸಾಫ್ಟ್‌ವೇರ್ ಬುದ್ಧಿ ಎಲ್ಲಿ ಹೋಗುತ್ತೆ, ಕೂತು ಒಂದು ಎಕ್ಸೆಲ್ ಶೀಟ್ ಮಾಡಿದೆ. ನಾಲ್ಕೂ ಮನೆ ರಿಪೇರಿಗೆ 9 ಲಕ್ಷ, ಭೋಗ್ಯ ಬಿಡಿಸೋಕೆ 5 ಲಕ್ಷ. ಬರುತ್ತಿದ್ದ ಬಾಡಿಗೆ ತಿಂಗಳಿಗೆ 26,500. ಎಲ್ಲಾ ಸರಿಮಾಡಿ ಹೊಸಬರಿಗೆ ಕೊಟ್ಟರೆ 52,000. ನಾಲ್ಕೂವರೆ ವರ್ಷದಲ್ಲಿ ಹಾಕಿದ ದುಡ್ಡು ವಾಪಸ್. ಶೀಟ್ ಬಹಳ ಚೆನ್ನಾಗಿತ್ತು. ಅದರಲ್ಲಿ ಹಿಂದಿನ ಮನೆಯ ಬಾಡಿಗೆ 6,500 ಇದ್ದಿದ್ದು 11,000 ಆಗಿತ್ತು. ಅಂದರೆ ಟೈಲರ್ ಅಂಕಲ್ ಇರಲಿಲ್ಲ.

ಭೋಗ್ಯದವರಿಗೆ ನನ್ನ ಉಳಿತಾಯದಿಂದ ಕೊಟ್ಟೆ. ಅಪಾರ್ಟ್‌ಮೆಂಟ್ ಬುಕ್ ಮಾಡೋಕೆ ಅಂತ ಕೂಡಿಟ್ಟಿದ್ದು. ರಿಪೇರಿಗೆ ಬ್ಯಾಂಕ್ ಸಾಲ ತೆಗೆದೆ. 2024ರ ಜನವರಿಯಲ್ಲಿ ಕೆಲಸ ಶುರು.

ಟೈಲರ್ ಅಂಕಲ್‌ಗೆ ಹೇಗೆ ಹೇಳೋದು ಅಂತ ಒಂದು ವಾರ ಒದ್ದಾಡಿ ಕೊನೆಗೆ ಹೋದೆ. ಅವರು ಮೊದಲೇ ಯೋಚನೆ ಮಾಡಿದ್ದರು. "ನೋಡು ತಮ್ಮಾ, ನನ್ನ ಗಿರಾಕಿಗಳೆಲ್ಲಾ ಈ ಎರಡು ರಸ್ತೆಯೋರು. ಬೇರೆ ಏರಿಯಾಗೆ ಹೋದ್ರೆ ಈ ವಯಸ್ಸಲ್ಲಿ ಹೊಸದಾಗಿ ಶುರುಮಾಡ್ಬೇಕು. ಮೊದಲು ಮೇಲಿನ ಮನೆ ಮುಗಿಸು. ನಮ್ಮನೆ ಕೆಲಸ ಆಗೋವರೆಗೂ ಅಲ್ಲಿರ್ತೀವಿ. ಆಮೇಲೆ ಕೆಳಗೆ ಬಂದು 9,000 ಕೊಡ್ತೀನಿ. ಅದಕ್ಕಿಂತ ನನ್ನ ಕೈಲಾಗಲ್ಲ."

ನನ್ನ ಶೀಟಿಗಿಂತ ತಿಂಗಳಿಗೆ 2,000 ಕಡಿಮೆ, ವರ್ಷಕ್ಕೆ 24,000. ಮನೆ ಎರಡು ತಿಂಗಳು ಖಾಲಿ ಬಿದ್ದರೆ 22,000 ಹೋಗುತ್ತೆ, ಹಾಗಾಗಿ ಸಮ ಅಂತ ಸಮಾಧಾನ ಮಾಡಿಕೊಂಡೆ. ನಿಜ ಹೇಳಬೇಕೆಂದರೆ ಆ ಸಮಾಧಾನ ಮೊದಲ ವರ್ಷಕ್ಕೆ ಮಾತ್ರ. ಆಮೇಲಿನದು ಲಾಸೇ. ಆದರೂ ಹೂಂ ಅಂದೆ. ಎರಡು ವರ್ಷ ಸೋರೋ ತಾರಸಿ ಕೆಳಗೆ ಇದ್ದು ಬಾಡಿಗೆ ಕೊಟ್ಟವರಿಗೆ, ತಾರಸಿ ಸರಿಯಾದ ತಕ್ಷಣ ಹೋಗಿ ಅನ್ನೋಕೆ ಬಾಯಿ ಬರಲಿಲ್ಲ.

ಕೆಲಸ ಶುರುವಾದ ಮೇಲೆ ಒಂದೊಂದೇ ಪಾಠ. ಬಾತ್‌ರೂಮ್ ಅಗೆದು, ಕಂಬಿ ಉಜ್ಜಿ, ಸಿಪಿವಿಸಿ ಪೈಪು ಹಾಕಿ, ವಾಟರ್‌ಪ್ರೂಫಿಂಗ್ ಬಳಿದ ಮೇಲೆ ನೀರು ಕಟ್ಟಿ ಒಂದು ದಿನ ಬಿಡಬೇಕು, ಕೆಳಗೆ ತೇವ ಬಾರದಿದ್ದರೆ ಮಾತ್ರ ಟೈಲ್ಸ್. ನಮ್ಮ ಅದೃಷ್ಟ ನೋಡಿ, ಆಗಲೇ 2024ರ ಮಾರ್ಚ್. ಬೆಂಗಳೂರಿಗೆ ನೀರಿಲ್ಲ, ಜಲಮಂಡಳಿ ಕುಡಿಯೋ ನೀರನ್ನು ಕಟ್ಟಡ ಕೆಲಸಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತ್ತು. ಬೋರ್‌ವೆಲ್ ನೀರಿನ ಟ್ಯಾಂಕರಿಗೆ ಕಾದು ಕಾದು, ಬಂದ ನೀರನ್ನು ಬಾತ್‌ರೂಮ್ ನೆಲಕ್ಕೆ ಸುರಿದು ಕಾಯುತ್ತಾ ಕೂತಿದ್ದೆ. ಬೀದಿಯವರೆಲ್ಲಾ ಬಿಂದಿಗೆ ಹಿಡಿದು ನಿಂತಿರೋವಾಗ ನಾನು ನೀರಿಗೆ ಕಾವಲು :)

ಕೆಳಗಿನ ಎರಡೂ ಮನೆಗೆ ಒಂದೇ ಕರೆಂಟ್ ಮೀಟರ್ ಇತ್ತು, ಒಳಗೆ ಸಬ್ ಮೀಟರ್. 2023ರ ಆಗಸ್ಟಿನಿಂದ ಗೃಹಜ್ಯೋತಿ ಬಂದಾಗ ಮೇಲಿನ ಮನೆಗಳಿಗೆ ಸೊನ್ನೆ ಬಿಲ್ಲು, ಇವರಿಬ್ಬರದು ಸೇರಿ 200 ಯೂನಿಟ್ ದಾಟಿ ಪೂರ್ತಿ ಬಿಲ್ಲು. ಬಾಡಿಗೆದಾರರಿಗೂ ಯೋಜನೆ ಸಿಗುತ್ತೆ, ಆದರೆ ಮೀಟರ್ ಬೇರೆ ಇರಬೇಕು. ಬೇರೆ ಮೀಟರ್ ಹಾಕಿಸಿದೆ. ಇಷ್ಟೂ ಕೆಲಸದಲ್ಲಿ ಬಾಡಿಗೆದಾರರು ಮನಸಾರೆ ಥ್ಯಾಂಕ್ಸ್ ಹೇಳಿದ್ದು ಇದೊಂದಕ್ಕೆ. ಹೊಸ ಟೈಲ್ಸ್ ಬಗ್ಗೆ ಆಂಟಿ ಹೇಳಿದ್ದು, "ಹಳೇ ಕೆಂಪು ನೆಲ ತಂಪಾಗಿತ್ತು".

ಧೂಳು ತಡೆಯಲಾರದೆ ಮುಂದಿನ ಮನೆಯವರು ಖಾಲಿ ಮಾಡಿದರು. ನಮ್ಮೂರಿನ ಸಂಪ್ರದಾಯದಂತೆ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳಬೇಕಾ ಅಂತ ಅಪ್ಪ ಕೇಳಿದರು. ನಾವು ಧೂಳೆಬ್ಬಿಸಿ ಓಡಿಸಿದ್ದಲ್ವಾ, ಬೇಡ ಅಂದೆ. 90 ಸಾವಿರ ಪೂರ್ತಿ ಕೊಟ್ಟೆವು.

ಮೇ ಹೊತ್ತಿಗೆ ಕೆಲಸ ಮುಗಿದಾಗ ರಿಪೇರಿ ಖರ್ಚು 9 ಲಕ್ಷ ಹೋಗಿ ಹನ್ನೊಂದೂವರೆ ಲಕ್ಷ ಆಗಿತ್ತು. ಬಾಡಿಗೆ 52,000 ಹೋಗಿ 48,500. ದುಡ್ಡು ವಾಪಸ್ ಬರೋಕೆ ಆರು ವರ್ಷದ ಮೇಲೆ ಬೇಕು, ಸಾಲದ ಬಡ್ಡಿ ಬಿಟ್ಟು. ಬಾಡಿಗೆ ಆದಾಯದಲ್ಲಿ ತೆರಿಗೆಗೆ ಶೇಕಡ 30 ವಿನಾಯಿತಿ ಇದೆ, ನಿಜ. ಆದರೆ ಆ ವರ್ಷ ಎಷ್ಟೇ ಖರ್ಚು ಮಾಡಿದರೂ ಅಷ್ಟೇ. ಮೇಸ್ತ್ರಿ ಬಿಲ್ಲು ತೋರಿಸಿದರೆ ಯಾರೂ ಕೇಳಲ್ಲ. ಕಾಲ ಮೇಲೆ ಕಾಲು ಹಾಕ್ಕೊಂಡು ಕೂರೋ ವಿಷಯ ಹೀಗಿದೆ.

ಈಗ ಹೊಸಬರ ಹತ್ತಿರ ಹತ್ತು ತಿಂಗಳ ಅಡ್ವಾನ್ಸ್ ಕೇಳಲ್ಲ, ಐದು ತಿಂಗಳದ್ದು ಸಾಕು. 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಎರಡೇ ತಿಂಗಳು ಅಂತಿದೆ, ನನಗೆ ಅಷ್ಟು ಧೈರ್ಯ ಇನ್ನೂ ಬಂದಿಲ್ಲ. ಬಂದ ಅಡ್ವಾನ್ಸ್ ನೇರ ಫಿಕ್ಸೆಡ್ ಡೆಪಾಸಿಟ್‌ಗೆ. "ಇಷ್ಟು ದುಡ್ಡು ಸುಮ್ನೆ ಕೂತಿದ್ಯಾ?" ಅಂತ ಅಪ್ಪನಿಗೆ ಆಶ್ಚರ್ಯ.

ಮೊನ್ನೆ ಮನೆ ಕಂದಾಯದ ರಸೀದಿ ಹುಡುಕುತ್ತಾ ಅಪ್ಪನ ಪುಸ್ತಕ ತೆಗೆದೆ. ಕೊನೆಯ ಪುಟದಲ್ಲಿ ಭೋಗ್ಯದವರ ಹೆಸರಿನ ಮೇಲೆ ಒಂದು ಗೆರೆ ಎಳೆದಿತ್ತು. ಅದರ ಕೆಳಗೆ "ಕೊಡಬೇಕಾದ್ದು 5,00,000", ಪಕ್ಕದಲ್ಲಿ ನನ್ನ ಹೆಸರು.

ಹೊಡೆದುಹಾಕೋಣ ಅಂತ ಪೆನ್ನು ತಗೊಂಡೆ. "ಬೇಡ, ಇರಲಿ ಬಿಡು" ಅಂದರು ಅಪ್ಪ, ಟಿವಿ ನೋಡುತ್ತಲೇ.